ಬೆಳಕೂ ಒಂದು ಮದ್ದು, ಆದರೆ ಎಷ್ಟು ಆಳಕ್ಕೆ?

ಬೆನ್ನಿನ ಮೇಲೆ ಕಾಣಿಸಿಕೊಂಡಿದ್ದ ನಾಣ್ಯದಗಲದ ಕೆಂಪು ಮಚ್ಚೆಯನ್ನು ಎರಡು ವರ್ಷ ಕಾಲ ಹುಳುಕಡ್ಡಿಯೆಂದೇ ಭಾವಿಸಿ, ಔಷಧದಂಗಡಿಯವರು ಕೊಟ್ಟ ಮುಲಾಮುಗಳನ್ನು ಹಚ್ಚಿಕೊಳ್ಳುತ್ತಿದ್ದೆ. ನೋವಿರಲಿಲ್ಲ, ಆದರೆ ಅದು ಮಾಯಲೂ ಇಲ್ಲ. ಕೊನೆಗೆ ಚರ್ಮವೈದ್ಯರು ಬಯಾಪ್ಸಿ ಮಾಡಿಸಿದಾಗ ಬಂದ ಉತ್ತರ: ಚರ್ಮದ ಮೇಲ್ಪದರದ ಬೇಸಲ್ ಸೆಲ್ ಕಾರ್ಸಿನೋಮ. ಹೆಸರು ಕೇಳಿ ಎದೆ ನಡುಗಿತು. ಇದು ನಿಧಾನವಾಗಿ ಬೆಳೆಯುವ ಕ್ಯಾನ್ಸರ್, ದೇಹದ ಬೇರೆಡೆಗೆ ಹರಡುವುದು ಅತಿ ವಿರಳ ಎಂದು ವೈದ್ಯರು ಧೈರ್ಯ ತುಂಬಿದರು. ಬಿಳಿ ಚರ್ಮದವರಲ್ಲಿ ಬಹು ಸಾಮಾನ್ಯವಾದ ಈ ಕಾಯಿಲೆ ನಮ್ಮಲ್ಲಿ ಅಪರೂಪ. ಆದ್ದರಿಂದಲೇ ಅನುಮಾನವೂ ತಡವಾಗಿ ಮೂಡುತ್ತದೆ.

ವೈದ್ಯರು ಹೇಳಿದ ಚಿಕಿತ್ಸೆಗಳ ಪೈಕಿ ನನ್ನ ಕುತೂಹಲ ಕೆರಳಿಸಿದ್ದು ಬೆಳಕಿನ ಚಿಕಿತ್ಸೆ, ಅಂದರೆ ಫೋಟೋಡೈನಮಿಕ್ ಥೆರಪಿ. ಚಾಕುವಿಲ್ಲ, ಹೊಲಿಗೆಯಿಲ್ಲ.

ಇದರ ಮೂಲ ಶತಮಾನಕ್ಕೂ ಹಿಂದಿನದು. ಮ್ಯೂನಿಕ್‌ನ ವೈದ್ಯಕೀಯ ವಿದ್ಯಾರ್ಥಿ ಆಸ್ಕರ್ ರಾಬ್, ಅಕ್ರಿಡಿನ್ ಬಣ್ಣ ಬೆರೆಸಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಸಾಯುವುದು ಬಣ್ಣದಿಂದಷ್ಟೇ ಅಲ್ಲ, ಅದರ ಮೇಲೆ ಬೀಳುವ ಬೆಳಕಿನಿಂದಲೂ ಎಂಬುದನ್ನು ಕಂಡುಕೊಂಡು 1900ರಲ್ಲಿ ಪ್ರಕಟಿಸಿದ. ಆತನ ಗುರು ಟಾಪೈನರ್ 1903ರಲ್ಲಿ ಯೆಸಿಯೊನೆಕ್ ಜತೆಗೂಡಿ, ಇಯೋಸಿನ್ ಬಣ್ಣ ಮತ್ತು ಬೆಳಕಿನಿಂದ ಚರ್ಮದ ಗಡ್ಡೆಗಳಿಗೆ ಚಿಕಿತ್ಸೆ ನಡೆಸಿದರು. ಮೇಲೆ ಹಚ್ಚುವ ಔಷಧದಿಂದಲೇ ಇದು ಸಾಧ್ಯವೆಂದು ಕೆನಡಾದ ಕೆನಡಿ ಮತ್ತು ಪೋಟಿಯೆ 1990ರಲ್ಲಿ ತೋರಿಸಿಕೊಟ್ಟರು.

ಇಂದಿನ ರೂಢಿಯ ಕ್ರಮ ಸರಳ. ಮಚ್ಚೆಗೆ ಕ್ರೀಮ್ ಹಚ್ಚಿ ಸುಮಾರು ಮೂರು ಗಂಟೆ ಮುಚ್ಚಿಡುತ್ತಾರೆ. ರೋಗಗ್ರಸ್ತ ಕೋಶಗಳು ಅದನ್ನು ಪಾರ್ಫಿರಿನ್ ಎಂಬ, ಬೆಳಕಿಗೆ ಸ್ಪಂದಿಸುವ ವಸ್ತುವಾಗಿ ಮಾರ್ಪಡಿಸಿಕೊಳ್ಳುತ್ತವೆ. ಬಳಿಕ ಕೆಲವು ನಿಮಿಷ ಕೆಂಪು ಬೆಳಕು ಹಾಯಿಸಿದಾಗ, ಅಲ್ಲಿನ ಆಮ್ಲಜನಕ ಉಗ್ರರೂಪ ತಾಳಿ ಆ ಕೋಶಗಳನ್ನು ಕೊಲ್ಲುತ್ತದೆ. ವಾರದ ನಂತರ ಮತ್ತೊಮ್ಮೆ ಇದೇ ಕ್ರಮ. ಬೆಳಕು ಬೀಳುವಾಗ ಉರಿ ತೀವ್ರವಾಗಿರಬಹುದು. ಆದರೆ ಕಲೆ ಕಡಿಮೆ.

ಅರ್ಥಶಾಸ್ತ್ರ ಓದಿದವನಿಗೆ ಲಾಭದ ಜತೆ ನಷ್ಟವನ್ನೂ ಲೆಕ್ಕ ಹಾಕುವ ಚಾಳಿ. ಮೇಲ್ಪದರದ ಈ ಕ್ಯಾನ್ಸರ್ ಕುರಿತ ನೆದರ್ಲೆಂಡ್ಸ್‌ನ ಪ್ರಯೋಗವೊಂದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರ ರೋಗ ಮರುಕಳಿಸದೆ ಉಳಿಯುವ ಸಂಭವ ಬೆಳಕಿನ ಚಿಕಿತ್ಸೆಯಲ್ಲಿ ಶೇ 62.7, ಫ್ಲೋರೋಯುರಾಸಿಲ್ ಕ್ರೀಮಿನಲ್ಲಿ ಶೇ 70, ಮನೆಯಲ್ಲೇ ಹಚ್ಚಿಕೊಳ್ಳುವ ಇಮಿಕ್ವಿಮಾಡ್ ಕ್ರೀಮಿನಲ್ಲಿ ಶೇ 80.5. ಯಂತ್ರ ಬೇಡದ ಕ್ರೀಮೇ ಯಂತ್ರವನ್ನು ಮೀರಿಸಿತ್ತು! ಶಸ್ತ್ರಚಿಕಿತ್ಸೆಯಲ್ಲಾದರೆ ಕತ್ತರಿಸಿದ ಭಾಗವನ್ನು ಪರೀಕ್ಷಿಸಿ, ಅಂಚಿನಲ್ಲಿ ರೋಗ ಉಳಿದಿದೆಯೇ ಎಂದು ನೋಡಬಹುದು. ಬೆಳಕು ಅಂತಹ ಸಾಕ್ಷ್ಯವನ್ನು ಉಳಿಸುವುದಿಲ್ಲ.

ಬೆನ್ನಿನ ಕಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡೆ. ಮೊಣಕಾಲ ಕೆಳಗೆ ಗಾಯ ಮಾಯದ ವೃದ್ಧರಿಗೆ, ಹಲವು ಮಚ್ಚೆಗಳಿರುವವರಿಗೆ ಬೆಳಕು ನಿಜಕ್ಕೂ ವರವಾಗಬಲ್ಲದು. ಯಾವುದು ಯಾರಿಗೆ ಎಂಬುದೇ ಪ್ರಶ್ನೆ. ‘ಆಧುನಿಕ’ ಎಂಬ ವಿಶೇಷಣವೊಂದೇ ಅದಕ್ಕೆ ಉತ್ತರವಾಗಬಾರದು. ಮರುಕಳಿಸುವ ಸಂಭವವೆಷ್ಟು, ಎಷ್ಟು ಬಾರಿ ಬರಬೇಕು, ಒಟ್ಟು ವೆಚ್ಚವೇನು ಎಂದು ಕೇಳುವುದು ರೋಗಿಯ ಹಕ್ಕು. ತಿಳಿಸುವುದು ವೈದ್ಯರ ಹೊಣೆ.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಈ ಚಿಕಿತ್ಸೆಯ ಪರಿಣಾಮ ಚರ್ಮದೊಳಗೆ ಕೆಲವೇ ಮಿಲಿಮೀಟರ್ ಆಳಕ್ಕೆ ಸೀಮಿತ. ರೋಗ ಅದಕ್ಕಿಂತ ಕೆಳಗಿಳಿದರೆ ಈ ಆಯ್ಕೆಯೇ ಇಲ್ಲವಾಗುತ್ತದೆ. ನಾನು ಮುಲಾಮು ಹಚ್ಚಿಕೊಳ್ಳುತ್ತಾ ಕಳೆದ ಎರಡು ವರ್ಷ ನನ್ನ ಅದೃಷ್ಟದಿಂದ ದುಬಾರಿಯಾಗಲಿಲ್ಲ. ವಾರಗಟ್ಟಲೆ ಮಾಯದ ಮಚ್ಚೆಯನ್ನು ವೈದ್ಯರಿಗೆ ತೋರಿಸಲು ಯಾರೂ ಅಂತಹ ಅದೃಷ್ಟವನ್ನು ನೆಚ್ಚಿ ಕೂರಬಾರದು.