ಯಂತ್ರವು ತಡೆದು ಕೇಳುವ ಪ್ರಶ್ನೆ

ಶಿಕಾರಿಪುರ, ಸೊರಬಗಳ ರೈತನಿಗೆ ಪಹಣಿಯನ್ನು ಗಣಕಯಂತ್ರವು ಮುದ್ರಿಸಿಕೊಡುವುದು ‘ಭೂಮಿ’ ಯೋಜನೆಯ ಫಲ. ಇಂತಹ ದಾಖಲೆಗಳಿರುವ ದತ್ತಾಂಶ ಕೇಂದ್ರಗಳಲ್ಲಿ, ಒಂದೇ ಸರ್ವರನ್ನು ಹಲವು ಸರ್ವರುಗಳಂತೆ ದುಡಿಸಬಲ್ಲ ತಂತ್ರಾಂಶವೇ ಹೈಪರ್‌ವೈಸರ್. ಅದನ್ನು ಜಾಲದ ಮೂಲಕವೇ ತುಂಬಬಹುದು. 1999ರ ಪಿಎಕ್ಸ್‌ಇ 2.1 ನಿಯಮದಂತೆ ಹೊಸ ಯಂತ್ರವು ಎಚ್ಚೆತ್ತೊಡನೆ ಜಾಲದಿಂದ ವಿಳಾಸವನ್ನೂ ಕಡತಗಳನ್ನೂ ಪಡೆಯುತ್ತದೆ. ಬಳಿಕ ಮೊದಲೇ ಬರೆದಿಟ್ಟ ಉತ್ತರಗಳಂತೆ ತನ್ನ ಡಿಸ್ಕನ್ನು ಅಳಿಸಿ ಸ್ಥಾಪನೆಯನ್ನು ಮುಗಿಸುತ್ತದೆ.

ಅಪಾಯವೂ ಇಲ್ಲಿಯೇ! ದಾಖಲೆ ತುಂಬಿದ ಹಳೆಯ ಯಂತ್ರವೊಂದು ಅಕಸ್ಮಾತ್ತಾಗಿ ಜಾಲದಿಂದ ಎಚ್ಚೆತ್ತರೆ ಅದರ ಡಿಸ್ಕಿಗೂ ಅದೇ ಗತಿ. ಆದುದರಿಂದಲೇ ನಡುವೆ ಆಯ್ಕೆಯ ಪಟ್ಟಿಯೊಂದನ್ನು ತೋರಿಸಿ, ಏನನ್ನು ಸ್ಥಾಪಿಸಬೇಕೆಂದು ಮನುಷ್ಯನನ್ನು ಕೇಳುತ್ತಾರೆ. ಪಿಎಕ್ಸ್‌ಇಲಿನಕ್ಸ್ ಎಂಬ ತಂತ್ರಾಂಶದಲ್ಲಿ ಕಾಯುವ ಕಾಲವನ್ನು ಸೆಕೆಂಡಿನ ಹತ್ತನೆಯ ಭಾಗಗಳಲ್ಲಿ ಬರೆಯಬೇಕೆಂಬುದು ವಿಚಿತ್ರವೇ ಸರಿ: 300 ಎಂದರೆ 30 ಸೆಕೆಂಡು. ಅಷ್ಟರೊಳಗೆ ಯಾರೂ ಕೀಲಿಯನ್ನು ಒತ್ತದಿದ್ದರೆ, ಯಂತ್ರವು ತನ್ನ ಡಿಸ್ಕಿನಿಂದಲೇ ಎಚ್ಚೆತ್ತು ಎಂದಿನ ಕೆಲಸಕ್ಕೆ ತೊಡಗುವಂತೆ ಪಟ್ಟಿಯನ್ನು ರಚಿಸಿರುತ್ತಾರೆ.