ಮೂಲೆಮಟ್ಟವನ್ನೂ ಮಗುಚಿ ನೋಡಿ

ಹುಣಸೂರು ಸೀಮೆಯ ಮರಗೆಲಸದ ಶೆಡ್ಡುಗಳಲ್ಲಿ ಗರಗಸ ಮೋಟಾರಿಗೆ ಕೂತು ಬಹಳ ಕಾಲವಾಯಿತು. ಅದು ನೆಟ್ಟಗೆ ಕುಯ್ಯುತ್ತಿದೆಯೇ ಎಂದು ತಿಳಿಯಲು ಬೆಲೆಬಾಳುವ ಉಪಕರಣ ಬೇಕಿಲ್ಲ. ಎರಡು ತುಂಡು ಮರ ಸಾಕು.

ಮರ ಬಂದು ಬೀಳಲು ಹುಣಸೂರಿಗಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಎಚ್.ಡಿ. ಕೋಟೆಯ ಕಾಕನಕೋಟೆ ಕಾಡು, ಪಿರಿಯಾಪಟ್ಟಣ ದಾಟಿದರೆ ಕೊಡಗಿನ ಕಾಫಿ ತೋಟಗಳ ಸಿಲ್ವರ್ ಓಕ್. ಲಕ್ಷ್ಮಣತೀರ್ಥದ ದಡದ ಈ ಊರಲ್ಲಿ ಬ್ರಿಟಿಷರ ಕಾಲದ ಸೇನೆಯ ಕಮಿಸರಿಯಟ್ ಇಲಾಖೆ ಚರ್ಮ, ಕಂಬಳಿಯ ಕಾರ್ಖಾನೆಗಳ ಜೊತೆಗೆ ಮರದ ಡಿಪೊವನ್ನೂ ನಡೆಸುತ್ತಿತ್ತು. 1864ರಲ್ಲಿ ಅದು ಮುಚ್ಚಿಹೋದರೂ ಅಲ್ಲಿ ಪಳಗಿದ ಕಸುಬು ಊರಲ್ಲೇ ಉಳಿಯಿತು. ಇಲ್ಲಿ ಎತ್ತಿನ ಗಾಡಿ ಕಟ್ಟುತ್ತಿದ್ದುದನ್ನು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ.

ಗಾಡಿ ಕಟ್ಟುವ ಬಡಗಿ ಚಕ್ರದ ಒಂದೊಂದು ಅರವನ್ನೂ ಅದು ಕೂರುವ ತೂತಿಗೆ ಹಿಡಿದು ನೋಡಿಯೇ ಕೆತ್ತಬೇಕಿತ್ತು. ತಪ್ಪಾದರೆ ಅದೊಂದೇ ಕಡೆ, ಉಳಿಯ ಎರಡೇಟಿಗೆ ಸರಿ. ಮಿಷನ್ನಿನ ಗುಣ ಬೇರೆ. ಬ್ಲೇಡು ಒಂದು ಡಿಗ್ರಿ ವಾಲಿದ್ದರೆ ಬೆಳಗಿನಿಂದ ಸಂಜೆವರೆಗೆ ಕುಯ್ದ ಮರವೆಲ್ಲ ಒಂದು ಡಿಗ್ರಿ ವಾಲುತ್ತದೆ.

18 ಮಿ.ಮೀ. ಪ್ಲೈವುಡ್ಡಿನಲ್ಲಿ ಆ ಒಂದು ಡಿಗ್ರಿಯ ಓರೆ ಸುಮಾರು 0.3 ಮಿ.ಮೀ., ಅಂಟು ನುಂಗಿಕೊಳ್ಳುವಷ್ಟು. ವಾಸ್ಕಲ್ಲಿನ ಮೂರಿಂಚು ದಪ್ಪದ ಮರದಲ್ಲಿ ಅದೇ ಓರೆ 1.3 ಮಿ.ಮೀ. ಆಗುತ್ತದೆ. ನಾಲ್ಕು ಮೂಲೆಯಲ್ಲೂ ಅಷ್ಟಷ್ಟು ಸೇರಿದರೆ ಬಾಗಿಲು ಒಂದು ಕಡೆ ಉಜ್ಜುತ್ತದೆ, ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಪಿರಿಯಾಪಟ್ಟಣ, ಹುಣಸೂರಿನ ಹೊಗೆಸೊಪ್ಪಿನ ಬ್ಯಾರನ್ನಿಗೆ ಇಂಥ ಬಾಗಿಲು ಬಿದ್ದರೆ ಸಂದಿಯಲ್ಲಿ ಶಾಖ ಸೋರುತ್ತದೆ. ಅದರ ದಂಡವನ್ನು ರೈತ ಸೌದೆಯಲ್ಲಿ ಕಟ್ಟುತ್ತಾನೆ.

ಮೊದಲು ಪ್ಲಗ್ಗು ಕೀಳಿ

ಕರೆಂಟ್ ಹೋದಾಗ ಬ್ಲೇಡಿಗೆ ಕೈ ಹಾಕುವ ಅಭ್ಯಾಸ ಅಪಾಯದ್ದು. ಸ್ವಿಚ್ಚು ಆನ್ ಆಗಿಯೇ ಉಳಿದಿದ್ದರೆ ಕರೆಂಟ್ ಬಂದ ಕ್ಷಣವೇ ಬ್ಲೇಡು ತಿರುಗಬಹುದು. ಪ್ಲಗ್ಗು ಕಿತ್ತು ಕಣ್ಣಿಗೆ ಕಾಣುವಂತೆ ಇಟ್ಟ ಮೇಲೆಯೇ ಮುಂದಿನ ಕೆಲಸ.

ಆಮೇಲೆ ಮೂಲೆಮಟ್ಟದ ಸರದಿ. ನೆಟ್ಟಗಿರುವ ಹಲಗೆಯ ಅಂಚಿಗೆ ಅದನ್ನು ಒತ್ತಿ ಒಂದು ಗೆರೆ ಎಳೆಯಿರಿ. ಮಗುಚಿ ಹಾಕಿ, ಅದೇ ಚುಕ್ಕೆಯಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಕವಲೊಡೆದರೆ ಆ ಅಂತರದ ಅರ್ಧ ಮಟ್ಟದ ತಪ್ಪು. ಕೈಜಾರಿ ನೆಲಕ್ಕೆ ಬಿದ್ದ ಮೂಲೆಮಟ್ಟಕ್ಕಂತೂ ಈ ಪರೀಕ್ಷೆ ಬೇಕೇ ಬೇಕು.

ಬ್ಲೇಡನ್ನು ಪೂರ್ತಿ ಮೇಲೆತ್ತಿ ಮಟ್ಟವನ್ನು ಅದರ ಮೈಗೆ ತಾಗಿಸಿ, ಹಲ್ಲಿಗಲ್ಲ. ಕಾರ್ಬೈಡ್ ಹಲ್ಲು ಎರಡೂ ಪಕ್ಕಕ್ಕೆ ಉಬ್ಬಿರುವುದರಿಂದ ಅದಕ್ಕೆ ತಾಗಿದ ಮಟ್ಟ ಸುಳ್ಳು ಹೇಳುತ್ತದೆ. ಹಿಂದೆ ಟಾರ್ಚು ಹಿಡಿದರೆ ಕೂದಲೆಳೆಯಷ್ಟು ಬೆಳಕೂ ಕಾಣುತ್ತದೆ.

ಎರಡು ತುಂಡಿನ ಸಾಕ್ಷಿ

ಕೊನೆಯ ತೀರ್ಪು ಮರದ್ದೇ. ನಾಲ್ಕೂ ಮೈ ಕೀಸಿ ಸಮ ಮಾಡಿದ ಮೂರಿಂಚು ದಪ್ಪದ ತುಂಡೊಂದನ್ನು ಅಡ್ಡಕ್ಕೆ ಕುಯ್ಯಿರಿ. ಎಡಗಡೆಯದನ್ನು ಇದ್ದಂತೆಯೇ ಬಿಟ್ಟು, ಬಲಗಡೆಯದನ್ನು ಉದ್ದಕ್ಕೆ ಉರುಳಿಸಿ ತಲೆಕೆಳಗು ಮಾಡಿ. ಮೇಜಿನ ಮೇಲೆ ನೇರ ಪಟ್ಟಿಗೆ ಒತ್ತಿ, ಕುಯ್ದ ಮುಖ ಎರಡನ್ನೂ ಕೂಡಿಸಿ. ಮೇಲೆ ಅಥವಾ ಕೆಳಗೆ ಸಂದಿ ಕಂಡರೆ ಬ್ಲೇಡು ವಾಲಿದೆ. ಮುಂದೆ ಅಥವಾ ಹಿಂದೆ ಕಂಡರೆ ಮರ ತಳ್ಳುವ ಮೈಟರ್ ಗೇಜು ಓರೆಯಾಗಿದೆ. ಎರಡು ತುಂಡಿನ ಓರೆ ಸೇರುವುದರಿಂದ ಸಂದಿ ನಿಜವಾದ ತಪ್ಪಿನ ಎರಡರಷ್ಟು ಇರುತ್ತದೆ. ಮಟ್ಟಕ್ಕೆ ಕಾಣದೆ ಹೋದ ತಪ್ಪು ಇಲ್ಲಿ ಸಿಕ್ಕಿಬೀಳುವುದು ಅದಕ್ಕೇ.

ಬ್ಲೇಡು ಹರಿತವಾಗಿರುವಾಗಲೇ ಈ ಪರೀಕ್ಷೆ ಮಾಡಬೇಕು. ತೇಗದಲ್ಲಿರುವ ಸಿಲಿಕಾ ಹಲ್ಲಿನ ಮೊನೆಯನ್ನು ಬೇಗ ಸವೆಸುತ್ತದೆ. ಮೊಂಡಾದ ಬ್ಲೇಡು ದಪ್ಪ ಮರದಲ್ಲಿ ಬಳುಕುತ್ತದೆ, ಆಗ ತಪ್ಪು ಯಾವುದರದೆಂದು ಗೊತ್ತಾಗುವುದಿಲ್ಲ.

ತಗಡಿನ ಲೆಕ್ಕ

ಕಂಪನಿಯ ಮಿಷನ್ನಾದರೆ ಬ್ಲೇಡು ವಾಲಿಸುವ ತಿರುಪಣಿ, 90 ಡಿಗ್ರಿಗೆ ತಡೆಯುವ ಬೋಲ್ಟು ಇರುತ್ತವೆ. ಆ ಬೋಲ್ಟಿನ ತುದಿಗೆ ಮರದ ಹೊಟ್ಟು ಮೆತ್ತಿಕೊಂಡರೆ ಮುಳ್ಳು ಸೊನ್ನೆ ತೋರಿಸಿದರೂ ಬ್ಲೇಡು ನೆಟ್ಟಗೆ ನಿಂತಿರುವುದಿಲ್ಲ. ಬೋಲ್ಟು ತಿರುಗಿಸುವ ಮುಂಚೆ ಬ್ರಷ್ಷು ಹಾಕಿ.

ವೆಲ್ಡಿಂಗ್ ಶಾಪಿನಲ್ಲಿ ಆ್ಯಂಗಲ್ ಕೂಡಿಸಿ, ಎರಡು ಬೇರಿಂಗ್ ಬ್ಲಾಕಿನ ಮೇಲೆ ಶಾಫ್ಟ್ ಕೂರಿಸಿ ಮಾಡಿಸಿದ ಮಿಷನ್ನಿಗೆ ಇಂಥ ತಿರುಪಣಿ ಇರುವುದಿಲ್ಲ. ಅಲ್ಲಿ ಬೇರಿಂಗ್ ಬ್ಲಾಕಿನ ಬೋಲ್ಟು ಸಡಿಲಿಸಿ ಕೆಳಗೆ ತಗಡು ಕೊಡಬೇಕು. ಬ್ಲೇಡಿನ ತಲೆ ಬೇರಿಂಗಿನಿಂದ ಆಚೆಗೆ ವಾಲಿದ್ದರೆ ಬ್ಲೇಡಿನ ಹತ್ತಿರದ ಬೇರಿಂಗನ್ನು ಎತ್ತಿ, ಈಚೆಗೆ ವಾಲಿದ್ದರೆ ದೂರದ್ದನ್ನು. ಬೇರಿಂಗುಗಳ ನಡುವೆ ಒಂದಡಿ ಇದ್ದರೆ ಲೆಕ್ಕ ಸಲೀಸು: ಮೂರಿಂಚು ಎಂದರೆ ಅಡಿಯ ಕಾಲುಭಾಗ, ಆದ್ದರಿಂದ ನಿಜವಾದ ತಪ್ಪಿನ ನಾಲ್ಕರಷ್ಟು ದಪ್ಪದ ತಗಡು ಬೇಕು. ತುಂಡುಗಳ ನಡುವೆ 1 ಮಿ.ಮೀ. ಸಂದಿ ಕಂಡರೆ ತಪ್ಪು ಅರ್ಧ ಮಿ.ಮೀ., ತಗಡು 2 ಮಿ.ಮೀ. ಬೋಲ್ಟು ಬಿಗಿದು, ಬೆಲ್ಟಿನ ಬಿಗಿ ನೋಡಿ ಮತ್ತೆ ಕುಯ್ಯಿರಿ.

ಉದ್ದಕ್ಕೆ ಸೀಳುವಾಗ ಮರ ಒರಗುವ ಫೆನ್ಸ್ ಕೂಡ ಬ್ಲೇಡಿಗೆ ಸಮಾನಾಂತರವಾಗಿರಬೇಕು. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಅದರಿಂದ ಫೆನ್ಸ್‌ಗೆ ಮುಂದೊಮ್ಮೆ ಅಳೆಯಿರಿ. ಬ್ಲೇಡು ತಿರುಗಿಸಿ ಅದೇ ಹಲ್ಲನ್ನು ಹಿಂದಕ್ಕೆ ತಂದು ಇನ್ನೊಮ್ಮೆ ಅಳೆಯಿರಿ. ಒಂದೇ ಹಲ್ಲಾದರೆ ಬ್ಲೇಡಿನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಹಿಂದಿನ ಅಳತೆ ಕಡಿಮೆ ಬಂದರೆ ಮಿಷನ್ ಓಡಿಸಬೇಡಿ. ಮರ ಬ್ಲೇಡಿಗೂ ಫೆನ್ಸ್‌ಗೂ ನಡುವೆ ಸಿಕ್ಕಿ, ಕುಯ್ಯುವವರ ಮೈಮೇಲೆಯೇ ಹಾರಿ ಬರುತ್ತದೆ.

ಬ್ಲೇಡು ಬದಲಿಸಿದಾಗ, ಬೆಲ್ಟು ಹಾಕಿದಾಗ, ಕೆ.ಆರ್. ನಗರದಲ್ಲೋ ಕೋಟೆಯಲ್ಲೋ ಕಟ್ಟುತ್ತಿರುವ ಮನೆಗೆ ಮಿಷನ್ನನ್ನು ಆಟೋದಲ್ಲಿ ಹೊತ್ತು ಇಳಿಸಿದಾಗ ಇದನ್ನೆಲ್ಲ ಇನ್ನೊಮ್ಮೆ ನೋಡಬೇಕು. ಖರ್ಚಾಗುವುದು ಹತ್ತು ನಿಮಿಷ, ಎರಡು ತುಂಡು ಮರ. ವಾಸ್ಕಲ್ ಪೂಜೆಗೆ ಮುಂಚೆ ಕಂಡ ಸಂದಿಗೆ ತಗಡು ಸಾಕು, ಪೂಜೆಯಾದ ಮೇಲೆ ಕಂಡದ್ದಕ್ಕೆ ಪುಟ್ಟಿಯೇ ಗತಿ.