ಕನ್ನಡಿ ಕಳಚಿತು, ಕಂಪನಿಯ ನಂಟು?

ತುಳಸಿ ಲಗ್ನ ಮುಗಿದರೆ ಸಾಕು, ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಲ್ಯಾಣ ಮಂಟಪಗಳಿಗೆ ಬಿಡುವಿಲ್ಲ. ಅಕ್ಷತೆ ಬೀಳುವುದು ಒಂದೇ ಗಳಿಗೆ. ಅದನ್ನು ಹಿಡಿಯಲು ತಪ್ಪಿದ ಛಾಯಾಗ್ರಾಹಕ ‘ಇನ್ನೊಮ್ಮೆ ಹಾಕಿ’ ಎಂದು ಬೀಗರಿಗೆ ಹೇಳುವಂತಿಲ್ಲ. ಆದ್ದರಿಂದಲೇ ಕೈ ಪಳಗಿದ ಕ್ಯಾಮೆರಾವನ್ನು ಬಿಡಲು ಅವನಿಗೆ ಮನಸ್ಸಾಗುವುದಿಲ್ಲ. ನಿಕಾನ್ ಹಿಡಿದವರಿಗೆ ನಿಕಾನ್, ಕ್ಯಾನನ್ ಹಿಡಿದವರಿಗೆ ಕ್ಯಾನನ್. ಅಪ್ಪನ ಸ್ಟುಡಿಯೊದೊಂದಿಗೆ ಅಪ್ಪನ ಕಂಪನಿಯೂ ಮಗನ ಪಾಲಿಗೆ ಬರುವುದುಂಟು.

ಈ ನಂಟಿಗೆ ಈಗ ಪರೀಕ್ಷೆಯ ಕಾಲ. 2018ರಲ್ಲಿ ನಿಕಾನ್ ಮತ್ತು ಕ್ಯಾನನ್ ಎರಡೂ ಪೂರ್ಣ ಅಳತೆಯ ಸೆನ್ಸರ್ ಇರುವ ‘ಮಿರರ್‌ಲೆಸ್’, ಅಂದರೆ ಕನ್ನಡಿ ಇಲ್ಲದ ಕ್ಯಾಮೆರಾಗಳನ್ನು ಹೊರತಂದವು. ಸೋನಿ 2013ರಲ್ಲೇ ಆ ಹಾದಿ ಹಿಡಿದಿತ್ತು. ಹಳೆಯದನ್ನು ಮಾರಿ ಹೊಸದನ್ನು ಕೊಳ್ಳುವವರ ಮುಂದೆ ಈಗ ಒಂದೇ ಪ್ರಶ್ನೆ: ಇದೇ ಕಂಪನಿಯಲ್ಲಿ ಉಳಿಯುವುದೋ, ಬೇರೆಯದಕ್ಕೆ ಹೋಗುವುದೋ? ಮಗನೋ ಮಗಳೋ ‘ಕ್ಯಾಮೆರಾ ಕೊಡಿಸಿ’ ಎಂದು ಹಟ ಹಿಡಿದಿರುವ ತಂದೆತಾಯಿಯರಿಗೂ ಈ ಪ್ರಶ್ನೆ ಬಿಟ್ಟಿದ್ದಲ್ಲ.

ಕನ್ನಡಿ ಹೋದದ್ದೇಕೆ?

ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಒಳಬಂದ ಬೆಳಕನ್ನು ಅದು ಮೇಲಕ್ಕೆ, ನೋಡುವ ಕಿಂಡಿಗೆ ಕಳಿಸುತ್ತದೆ. ಗುಂಡಿ ಒತ್ತಿದಾಗ ‘ಟಪ್’ ಎಂದು ಮೇಲೇಳುತ್ತದೆ, ಬೆಳಕು ಸೆನ್ಸರ್ ಮೇಲೆ ಬೀಳುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯೇ ಇಲ್ಲ. ಸೆನ್ಸರ್ ಕಂಡದ್ದನ್ನೇ ಕಿಂಡಿಯೊಳಗಿನ ಪುಟ್ಟ ಪರದೆ ತೋರಿಸುತ್ತದೆ. ಚಿತ್ರ ಕಪ್ಪಾಗುವುದೋ ಬೆಳ್ಳಗಾಗುವುದೋ ಎಂಬುದು ಕ್ಲಿಕ್ಕಿಸುವ ಮೊದಲೇ ತಿಳಿಯುತ್ತದೆ. ಮುಖದಲ್ಲಿನ ಕಣ್ಣನ್ನು ಹುಡುಕಿ ಅಲ್ಲೇ ಫೋಕಸ್ ನಿಲ್ಲಿಸುವ ಜಾಣತನವೂ ಇದಕ್ಕಿದೆ.

ಸದ್ದಿಲ್ಲದೆ ಚಿತ್ರ ತೆಗೆಯುವುದು ಇನ್ನೊಂದು ಅನುಕೂಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, ಸುಮಾರು 119 ಚದರ ಕಿಲೋಮೀಟರ್ ವಿಸ್ತಾರದ್ದು. ಸಣ್ಣ ಸದ್ದಿಗೂ ಕಿವಿ ನಿಮಿರಿಸುವ ಜಿಂಕೆಯ ಮುಂದೆ ಮೌನಕ್ಕೆ ಬೆಲೆಯಿದೆ. ಆದರೆ ಈ ಮೌನಕ್ಕೂ ಮಿತಿ ಇದೆ. ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ ನೆಗೆಯುವ ಪ್ರಾಣಿಯ ಕಾಲು ಡೊಂಕಾಗಿ ಕಾಣಬಹುದು. ಮಂಟಪದ ಎಲ್‌ಇಡಿ ದೀಪದಡಿ ಚಿತ್ರದಲ್ಲಿ ಪಟ್ಟೆ ಮೂಡಬಹುದು. ಪರದೆ ಸದಾ ಉರಿಯುವುದರಿಂದ ಬ್ಯಾಟರಿಯೂ ಬೇಗ ಖಾಲಿ. ಬೆಳಗಿನಿಂದ ರಾತ್ರಿವರೆಗಿನ ಮದುವೆಗೆ ಎರಡು ಮೂರು ಬ್ಯಾಟರಿ ಕಿಸೆಯಲ್ಲಿರಲೇಬೇಕು.

ಬಳೆಯ ಲೆಕ್ಕ

ಛಾಯಾಗ್ರಾಹಕನನ್ನು ಕಂಪನಿಗೆ ಕಟ್ಟಿಹಾಕುವುದು ಹೆಸರಲ್ಲ, ಲೆನ್ಸ್ ಕೂರುವ ಲೋಹದ ಬಳೆ. ಇದಕ್ಕೆ ‘ಮೌಂಟ್’ ಎನ್ನುತ್ತಾರೆ. ಒಂದು ಕಂಪನಿಯ ಲೆನ್ಸ್ ಇನ್ನೊಂದರ ಬಳೆಗೆ ಕೂರುವುದಿಲ್ಲ. ಬಾಡಿ ಆರೇಳು ವರ್ಷಕ್ಕೆ ಹಳತಾಗಬಹುದು, ಒಳ್ಳೆಯ ಲೆನ್ಸ್ ಎರಡು ತಲೆಮಾರು ಬಾಳುತ್ತದೆ. ಕಪಾಟಿನಲ್ಲಿ ಮೂರ್ನಾಲ್ಕು ಲೆನ್ಸ್, ಎರಡು ಫ್ಲ್ಯಾಶ್ ಇಟ್ಟುಕೊಂಡವರು ಕಂಪನಿ ಬದಲಿಸಿದರೆ ಅಷ್ಟನ್ನೂ ಕಡಿಮೆ ಬೆಲೆಗೆ ಮಾರಿ, ಹೊಸದಾಗಿ ಕೊಳ್ಳಬೇಕು.

ಕನ್ನಡಿ ಹೋದದ್ದರಿಂದ ಇಲ್ಲೊಂದು ದಾರಿ ತೆರೆದಿದೆ. ನಿಕಾನಿನ ಹಳೆಯ ಎಫ್ ಮೌಂಟ್‌ನಿಂದ ಸೆನ್ಸರ್‌ಗೆ ಇದ್ದ ದೂರ 46.5 ಮಿಲಿಮೀಟರ್, ಹೊಸ ಝಡ್ ಮೌಂಟ್‌ನಲ್ಲಿ 16 ಮಾತ್ರ. ಕ್ಯಾನನ್ನಿನಲ್ಲಿ 44 ಇದ್ದದ್ದು 20ಕ್ಕೆ ಇಳಿಯಿತು. ಉಳಿದ ಜಾಗದಲ್ಲಿ ‘ಅಡಾಪ್ಟರ್’ ಕೂರಿಸಿದರೆ ಹಳೆಯ ಲೆನ್ಸ್ ಹೊಸ ಬಾಡಿಗೆ ಒಗ್ಗುತ್ತದೆ. ಕ್ಯಾನನ್ನಿನ ಇಎಫ್ ಲೆನ್ಸ್‌ಗಳು ಹೀಗೆ ಆಟೋಫೋಕಸ್ ಸಮೇತ ನಡೆಯುತ್ತವೆ. ನಿಕಾನಿನಲ್ಲಿ ಎಚ್ಚರ ಬೇಕು: ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್‌ಗಳಿಗೆ ತೊಂದರೆಯಿಲ್ಲ, ಬಾಡಿಯ ಮೋಟಾರನ್ನು ನೆಚ್ಚಿಕೊಂಡ ಹಳೆಯ ‘ಡಿ’ ಲೆನ್ಸ್‌ಗಳನ್ನು ಕಂಪನಿಯ ಎಫ್‌ಟಿಝಡ್ ಅಡಾಪ್ಟರಿಗೆ ಹಾಕಿದರೆ ಫೋಕಸನ್ನು ಕೈಯಿಂದಲೇ ತಿರುಗಿಸಬೇಕು. ಸೋನಿ ತನ್ನ ಇ ಮೌಂಟ್‌ನ ಮೂಲ ವಿವರಗಳನ್ನು 2011ರಲ್ಲೇ ಇತರ ತಯಾರಕರಿಗೆ ತೆರೆದಿಟ್ಟಿತು. ಸಿಗ್ಮಾ, ಟ್ಯಾಮ್ರಾನ್‌ಗಳ ಲೆನ್ಸ್‌ಗಳು ಅದಕ್ಕೆ ಹೇರಳವಾಗಿವೆ.

ಊರಿನ ಧೂಳೂ ಲೆಕ್ಕಕ್ಕೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತಿದೆ. ಮಾರುಕಟ್ಟೆಯ ಕೆಂಪು ರಾಶಿಗಳು ಕ್ಯಾಮೆರಾಕ್ಕೆ ಹಬ್ಬ, ಅಲ್ಲಿನ ಘಾಟು ಧೂಳು ಶತ್ರು. ಕನ್ನಡಿಯ ಮರೆ ಇಲ್ಲದ್ದರಿಂದ ಲೆನ್ಸ್ ತೆಗೆದೊಡನೆ ಸೆನ್ಸರ್ ಬಯಲಾಗುತ್ತದೆ. ಕೆಲವು ಮಾದರಿಗಳಲ್ಲಿ ಮಾತ್ರ ಕ್ಯಾಮೆರಾ ಆರಿಸಿದಾಗ ಶಟರ್ ಮುಚ್ಚಿಕೊಳ್ಳುತ್ತದೆ. ಅಂಥ ಕಡೆ ಲೆನ್ಸ್ ಬದಲಿಸದಿರುವುದೇ ಲೇಸು.

ನಿಷ್ಠೆ ಎರಡೂ ಕಡೆ ಇದೆಯೆ?

ಕಂಪನಿಗಳೂ ನಮಗೆ ಅಷ್ಟೇ ನಿಷ್ಠವಾಗಿವೆಯೆ? ಚರಿತ್ರೆ ನೋಡಿದರೆ ಉತ್ತರ ಸಿಗುತ್ತದೆ. ನಿಕಾನ್ 1959ರ ಎಫ್ ಮೌಂಟನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಉಳಿಸಿಕೊಂಡಿತು. ಕ್ಯಾನನ್ 1987ರಲ್ಲಿ ತನ್ನ ಎಫ್‌ಡಿ ಮೌಂಟನ್ನು ಬಿಟ್ಟು ಇಎಫ್‌ಗೆ ಹೊರಳಿತು. ಹಳೆಯ ಲೆನ್ಸ್ ಇದ್ದವರು ಪೇಚಿಗೆ ಬಿದ್ದರು. ಕೊನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯವಹಾರವನ್ನೇ ಬಿಟ್ಟಿತು. ಒಲಿಂಪಸ್ 2021ರಲ್ಲಿ ತನ್ನ ಕ್ಯಾಮೆರಾ ವಿಭಾಗವನ್ನು ಬೇರೆಯವರಿಗೆ ಒಪ್ಪಿಸಿತು. ವ್ಯಾಪಾರಕ್ಕೆ ಅದರದ್ದೇ ಲೆಕ್ಕ. ಮನೆಯವರಿಗೆ ಮನೆಯದ್ದೇ ಲೆಕ್ಕ ಇರಬೇಕು.

ಆ ಲೆಕ್ಕ ಹಾಕುವ ಬಗೆ ಸರಳ. ಇರುವ ಲೆನ್ಸ್‌ಗಳ ಪಟ್ಟಿ ಮಾಡಿ, ಯಾವುದು ಹೊಸ ಬಾಡಿಯಲ್ಲಿ ಪೂರ್ತಿ ಕೆಲಸ ಮಾಡುತ್ತದೆ ಎಂದು ಗುರುತು ಹಾಕಿ. ಮಾರಿದರೆ ಬರುವ ಹಣ, ಕೊಳ್ಳಲು ಬೇಕಾದ ಹಣ ಎರಡನ್ನೂ ಬರೆಯಿರಿ. ಕೆಟ್ಟರೆ ರಿಪೇರಿ ಎಲ್ಲಿ, ಎರವಲು ಲೆನ್ಸ್ ಯಾರ ಬಳಿ ಎಂದು ವಿಚಾರಿಸಿ. ಜೊತೆಗಾರರ ಬಳಿಯೂ ಅದೇ ಮೌಂಟ್ ಇದ್ದರೆ ಮದುವೆಯ ದಿನ ಕೈಕೊಟ್ಟ ಲೆನ್ಸಿಗೆ ಬದಲಿ ಸಿಕ್ಕೀತು. ಒಂದು ದಿನ ಬಾಡಿಗೆಗೆ ತಂದು ಕೈಯಲ್ಲಿ ಹಿಡಿದು ನೋಡಿ. ಕೈಯ ರೂಢಿಗೂ ಬೆಲೆಯಿದೆ.

ಕಲಿಯುವ ಮಕ್ಕಳಿಗೆ ಇಷ್ಟೂ ಬೇಡ. ಸುಸ್ಥಿತಿಯಲ್ಲಿರುವ ಹಳೆಯ ಡಿಎಸ್‌ಎಲ್‌ಆರ್, ಒಂದು 50 ಮಿಲಿಮೀಟರ್ ಲೆನ್ಸ್ ಧಾರಾಳ ಸಾಕು. ಹಾವೇರಿಯ ಪುರಸಿದ್ಧೇಶ್ವರ ದೇವಾಲಯ ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆಯ ಓರೆ ಬಿಸಿಲಿಗೆ ಮುಂಭಾಗದ ಕೆತ್ತನೆಗಳು ಎದ್ದು ಕಾಣುತ್ತವೆ. ಕಲ್ಲು ಓಡಿಹೋಗುವುದಿಲ್ಲ, ವೇಗದ ಫೋಕಸ್ ಬೇಕಿಲ್ಲ. ನೆರಳು ಬೆಳಕಿನ ಪಾಠವನ್ನು ಅಲ್ಲಿ ಕಲಿತವರು ಮುಂದೆ ಯಾವ ಕಂಪನಿಯ ಕ್ಯಾಮೆರಾ ಹಿಡಿದರೂ ಗೆಲ್ಲುತ್ತಾರೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತದೆ ಗಾದೆ. ಒಳ್ಳೆಯ ಚಿತ್ರಕ್ಕೂ ಈಗ ಕನ್ನಡಿ ಬೇಕಿಲ್ಲ, ನೋಡುವ ಕಣ್ಣು ಮಾತ್ರ ಬೇಕು.